ಕಾದು ಕುಳಿತ ಯುವರಾಜರು

ಅರಸ ಗಟ್ಟಿಮುಟ್ಟಾಗಿರುವಾಗಲೇ ಯುವರಾಜನನ್ನು ನೇಮಿಸುವುದು ರಾಜನೀತಿಯಲ್ಲಿ ಹಳೆಯ ಸಂಪ್ರದಾಯ. ಅದರಿಂದ ರಾಜ್ಯಗಳು ಉಳಿದದ್ದೂ ಉಂಟು, ಮನೆಗಳು ಒಡೆದದ್ದೂ ಉಂಟು. ಅರಮನೆಗಳ ಕಾಲ ಮುಗಿಯಿತು. ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಅದನ್ನು ಈಗ ವರ್ಷಕ್ಕೊಮ್ಮೆ, ವಸಂತಕಾಲದಲ್ಲಿ, ಲಕ್ಷಾಂತರ ಜನರ ಎದುರಿಗೆ ತಮಗೆ ತಾವೇ ಹಾಕಿಕೊಳ್ಳುವವರು ಅಮೆರಿಕದ ಫುಟ್‌ಬಾಲ್ ತಂಡಗಳ ಯಜಮಾನರು. ಸಮರ್ಥನಾದ ನಾಯಕನೊಬ್ಬ ಆಡುತ್ತಿರುವಾಗಲೇ ಇನ್ನೂ ಮೀಸೆ ಬಲಿಯದ ಹುಡುಗನನ್ನು ತಂದು, ಬೆಂಚಿನ ಮೇಲೆ ಕೂರಿಸಿ, ಮುಂದಿನ ಕಾಲಕ್ಕೆಂದು ಬೆಳೆಸಬೇಕೆ? ಬೆಳೆಸುವುದಾದರೆ ಅದರ ಬೆಲೆ ತೆರುವವರು ಯಾರು?

ವಿಸ್ಕಾನ್ಸಿನ್ ಪ್ರಾಂತದ ಗ್ರೀನ್ ಬೇ ಎಂಬ ಊರು ಈ ಪ್ರಶ್ನೆಗೆ ಎರಡು ಬಾರಿ ಉತ್ತರ ಕೊಟ್ಟಿದೆ. ಸೋಜಿಗವೆಂದರೆ ಎರಡು ಸಲವೂ ಒಂದೇ ತಾರೀಖು: 2005ರ ಏಪ್ರಿಲ್ 23 ಮತ್ತು 2020ರ ಏಪ್ರಿಲ್ 23. ಎರಡು ಸಲವೂ ಬಂದ ಹುಡುಗನ ವಯಸ್ಸು ಇಪ್ಪತ್ತೊಂದು. ಎರಡು ಸಲವೂ ಸಿಂಹಾಸನದಲ್ಲಿ ಇದ್ದವನು ಮೂವತ್ತೈದು ಮುಟ್ಟಿದ್ದ, ಜನ ಕಣ್ಣಿಗೊತ್ತಿಕೊಳ್ಳುತ್ತಿದ್ದ ಆಟಗಾರ. ಆದರೆ ಮೊದಲನೆಯದನ್ನು ಇಂದು ದೂರದೃಷ್ಟಿಯೆಂದು ಹೊಗಳುವವರೇ ಎರಡನೆಯದರ ಮಾತು ಬಂದರೆ ತಡವರಿಸುತ್ತಾರೆ. ಇದರ ಒಳಗುಟ್ಟು ತಿಳಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

ಮೊದಲು ಆಟದ ಮಾತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಮಕ್ಕಳು ಬಯಲಿನಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಮೊಟ್ಟೆಯಂತೆ ನೀಳವಾದದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ಒಂದೊಂದು ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು; ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಪ್ರತಿಯೊಂದು ಪ್ರಯತ್ನವೂ ಮುಂಚೆಯೇ ಬರೆದಿಟ್ಟ ಒಂದು ವ್ಯೂಹ. ಆ ವ್ಯೂಹಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಎದುರಿನವರ ನಿಲುವನ್ನು ನೋಡಿ ಅಗತ್ಯವಿದ್ದರೆ ಬದಲಿಸಿ, ಚೆಂಡು ಕೈಸೇರಿದ ಎರಡು ಮೂರು ಸೆಕೆಂಡುಗಳಲ್ಲಿ ಅದನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನೇ ಕ್ವಾರ್ಟರ್‌ಬ್ಯಾಕ್. ಆ ಹೊತ್ತಿಗೆ ಆನೆಯಂಥ ನಾಲ್ಕಾರು ಮಂದಿ ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಇದು ತೋಳಿನ ಕೆಲಸ ಹೇಗೋ ಹಾಗೆಯೇ ತಲೆಯ ಕೆಲಸ. ತೋಳು ಹುಟ್ಟಿನಿಂದ ಬರಬಹುದು. ತಲೆ ಪಳಗಲು ಕಾಲ ಬೇಕು.

ಇನ್ನು ಹುಡುಗರನ್ನು ಹಂಚಿಕೊಳ್ಳುವ ಕ್ರಮ. ಕಾಲೇಜು ಮುಗಿಸಿದ ಆಟಗಾರರನ್ನು ಹಣವಂತ ತಂಡಗಳೇ ದೋಚಿಕೊಳ್ಳುತ್ತಿದ್ದುದನ್ನು ನೋಡಿ ಫಿಲಡೆಲ್ಫಿಯ ತಂಡದ ಯಜಮಾನ ಬರ್ಟ್ ಬೆಲ್ 1935ರಲ್ಲಿ ಒಂದು ಸಲಹೆ ಮಾಡಿದರು: ಹಿಂದಿನ ವರ್ಷ ಕೊನೆಯಲ್ಲಿ ನಿಂತವರು ಮೊದಲು ಆರಿಸಲಿ, ಗೆದ್ದವರು ಕೊನೆಗೆ ಆರಿಸಲಿ. ಇದೇ ಡ್ರಾಫ್ಟ್. 1936ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಒಂಬತ್ತು ತಂಡಗಳು ಸೇರಿ ಮೊದಲ ಸಲ ಈ ರೀತಿ ಆರಿಸಿದವು. ಆ ದಿನ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಜೇ ಬರ್ವ್ಯಾಂಗರ್. ಆತ ಈ ವೃತ್ತಿಯ ಆಟವನ್ನು ಒಂದು ದಿನವೂ ಆಡಲಿಲ್ಲ. ಮೊದಲ ಹೆಜ್ಜೆಯಲ್ಲೇ ಡ್ರಾಫ್ಟ್ ತನ್ನ ಸ್ವಭಾವವನ್ನು ತೋರಿಸಿಕೊಟ್ಟಿತೆನ್ನಬೇಕು. ಹೆಸರು ಕೂಗುವುದು ಬೇರೆ, ಆಳನ್ನು ಪಡೆಯುವುದು ಬೇರೆ.

ಬೆಳೆಸುವುದಕ್ಕೆಂದೇ ಹುಡುಗನನ್ನು ತಂದ ಮೊದಲ ದೊಡ್ಡ ನಿದರ್ಶನ ಷಿಕಾಗೊ ತಂಡದ್ದು. ಆ ಕಾಲದ ಹೆಚ್ಚಿನ ತಂಡಗಳ ವ್ಯೂಹದಲ್ಲಿ ಕ್ವಾರ್ಟರ್‌ಬ್ಯಾಕನಿಗೆ ಇಂದಿನ ಅಧಿಕಾರವಿರಲಿಲ್ಲ. ಬಹುಮಟ್ಟಿಗೆ ಆತ ದಾರಿ ಬಿಡಿಸಿಕೊಡುವ ಆಳು. ಷಿಕಾಗೊದ ಗುರು ಜಾರ್ಜ್ ಹಾಲಸ್ ಮಾತ್ರ ‘ಟಿ’ ಎಂಬ ವ್ಯೂಹವನ್ನು ನೆಚ್ಚಿಕೊಂಡಿದ್ದರು. ಅದರಲ್ಲಿ ಚೆಂಡು ಪ್ರತಿ ಸಲವೂ ಕ್ವಾರ್ಟರ್‌ಬ್ಯಾಕನ ಕೈಗೇ ಬರುತ್ತದೆ. ಇದಕ್ಕೆ ಅವರು ಆರಿಸಿದ್ದು ಕೊಲಂಬಿಯ ವಿಶ್ವವಿದ್ಯಾನಿಲಯದ ಸಿಡ್ ಲಕ್ಮನ್ ಎಂಬ ಬ್ರೂಕ್ಲಿನ್ ಹುಡುಗನನ್ನು, ವರ್ಷ 1939. ಲಕ್ಮನ್ ಕಾಲೇಜಿನಲ್ಲಿ ಕಲಿತದ್ದು ಬೇರೆಯ ಆಟ. ಹೆಜ್ಜೆಯಿಡುವುದರಿಂದ ಮೊದಲುಗೊಂಡು ಎಲ್ಲವನ್ನೂ ಅವನಿಗೆ ಹೊಸದಾಗಿ ಕಲಿಸಬೇಕಾಯಿತು. ಕಲಿಸಿದರು. 1940ರ ಡಿಸೆಂಬರ್ 8ರಂದು ಅಂತಿಮ ಪಂದ್ಯದಲ್ಲಿ ಷಿಕಾಗೊ 73, ವಾಷಿಂಗ್ಟನ್ ಸೊನ್ನೆ. ಅಂದಿನಿಂದ ಅಮೆರಿಕದ ತಂಡಗಳೆಲ್ಲ ಒಂದೊಂದಾಗಿ ‘ಟಿ’ ವ್ಯೂಹದ ಕಡೆಗೆ ಹೊರಳಿದವು. ಒಬ್ಬ ಹುಡುಗನನ್ನು ಹುಡುಕಿ ಬೆಳೆಸುವುದೇ ತಂಡದ ಮುಖ್ಯ ಚಿಂತೆಯಾಯಿತು.

ಹುಡುಗ ಕೈಗೆ ಬಂದ ಮಾತ್ರಕ್ಕೆ ಬೆಳೆದಾನೆ? ಪಿಟ್ಸ್‌ಬರ್ಗ್ ತಂಡ 1955ರಲ್ಲಿ ಜಾನಿ ಯುನೈಟಸ್ ಎಂಬುವನನ್ನು ಆರಿಸಿತು. ಒಂದು ಪಂದ್ಯವನ್ನೂ ಆಡಿಸದೆ ಮನೆಗೆ ಕಳುಹಿಸಿತು. ಆತ ಕಟ್ಟಡದ ಕೆಲಸಕ್ಕೆ ಹೋಗುತ್ತ, ಪಂದ್ಯಕ್ಕೆ ಆರು ಡಾಲರಿನಂತೆ ಊರ ತಂಡದಲ್ಲಿ ಆಡಿಕೊಂಡಿದ್ದ. ಮರುವರ್ಷ ಬಾಲ್ಟಿಮೋರ್ ಅವನನ್ನು ಕರೆಯಿತು. ಅಲ್ಲಿ ಆರಂಭದ ದಿನಗಳಲ್ಲೇ ಅವನ ಎಸೆತವೊಂದು ಎದುರಾಳಿಯ ಕೈಸೇರಿತು. ಹಿಡಿದವನು ಓಡಿ ಅಂಕವನ್ನೂ ಗಳಿಸಿದ. ಆದರೂ ಬಾಲ್ಟಿಮೋರಿನವರು ಕೈಬಿಡಲಿಲ್ಲ. 1958ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಜಯಂಟ್ಸ್ ತಂಡದ ಮೇಲೆ, ಹೆಚ್ಚುವರಿ ಸಮಯದಲ್ಲಿ, 23ಕ್ಕೆ 17ರಂತೆ ಬಾಲ್ಟಿಮೋರ್ ಪ್ರಶಸ್ತಿ ಗೆದ್ದಾಗ ಆ ಗೆಲುವಿನ ಸೂತ್ರಧಾರ ಇದೇ ಯುನೈಟಸ್. ಪಿಟ್ಸ್‌ಬರ್ಗಿನವರು ನಿಧಿಯನ್ನು ಕಂಡಿದ್ದರು, ಕಾಯುವುದನ್ನು ಅರಿತಿರಲಿಲ್ಲ.

ಕಾಯುವುದನ್ನು ಅರಿತ ಊರು ಗ್ರೀನ್ ಬೇ. ಇಲ್ಲಿನ ಜನಸಂಖ್ಯೆ ಲಕ್ಷದ ಆಸುಪಾಸು. ತಂಡಕ್ಕೆ ಒಬ್ಬ ಕೋಟ್ಯಧೀಶ ಒಡೆಯನಿಲ್ಲ. 1923ರಿಂದಲೂ ಷೇರು ಕೊಂಡ ಸಾಮಾನ್ಯ ಜನರೇ ಒಡೆಯರು. 1956ರಲ್ಲಿ 200ನೆಯ ಸರದಿಯಲ್ಲಿ ಈ ತಂಡ ಅಲಬಾಮದ ಬಾರ್ಟ್ ಸ್ಟಾರ್ ಎಂಬುವನನ್ನು ಆರಿಸಿಕೊಂಡಿತು. ಅಷ್ಟು ಹಿಂದೆ ಬಿದ್ದವನ ಬಗ್ಗೆ ಯಾರಿಗೂ ಹೆಚ್ಚಿನ ನಿರೀಕ್ಷೆ ಇರಲಿಲ್ಲ. 1958ರಲ್ಲಿ ತಂಡ ಹನ್ನೆರಡು ಪಂದ್ಯಗಳಲ್ಲಿ ಒಂದನ್ನೇ ಗೆದ್ದಿತು. ಮರುವರ್ಷ ವಿನ್ಸ್ ಲೊಂಬಾರ್ಡಿ ಗುರುವಾಗಿ ಬಂದರು. ಒಂದೇ ವ್ಯೂಹವನ್ನು ನೂರು ಸಲ ತಿದ್ದಿ ತೀಡಿಸುವ ಕಟ್ಟುನಿಟ್ಟಿನ ಮೇಷ್ಟರು. ಸ್ಟಾರ್ ಅವರ ಕೈಯಲ್ಲಿ ಬೆಳೆದ. 1961ರಿಂದ 1967ರೊಳಗೆ ಗ್ರೀನ್ ಬೇ ಐದು ಪ್ರಶಸ್ತಿಗಳನ್ನು ಗೆದ್ದಿತು. ಮೊದಲ ಎರಡು ಸೂಪರ್ ಬೌಲ್‌ಗಳೂ ಅದರವೇ. ಹುಡುಗ ಅದೇ ಹುಡುಗ. ಬದಲಾದದ್ದು ಅವನಿಗೆ ಕಲಿಸುವವರು.

ಈ ಊರಿನವರು ಬೆಳೆಸುವುದನ್ನು ಒಂದು ಬೇಸಾಯವನ್ನಾಗಿ ಮಾಡಿಕೊಂಡದ್ದು 1990ರ ದಶಕದಲ್ಲಿ. ವ್ಯವಸ್ಥಾಪಕ ರಾನ್ ವುಲ್ಫ್ 1992ರಲ್ಲಿ ಅಟ್ಲಾಂಟದಿಂದ ಬ್ರೆಟ್ ಫಾರ್ವ್ ಎಂಬ ತರುಣನನ್ನು ತಂದರು. ಆತ ಮೈದಾನಕ್ಕಿಳಿದವನು 2007ರವರೆಗೆ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ಇಂಥವನಿದ್ದರೆ ಇನ್ನೊಬ್ಬ ಏಕೆ ಎನ್ನಬಹುದು. ವುಲ್ಫ್ ಹಾಗೆನ್ನಲಿಲ್ಲ, ಹೆಚ್ಚುಕಡಿಮೆ ವರ್ಷ ವರ್ಷವೂ ಒಬ್ಬ ಹುಡುಗನನ್ನು ಆರಿಸಿ ಸಸಿಮಡಿಯಲ್ಲಿ ನೆಡುತ್ತ ಬಂದರು. 1993ರಲ್ಲಿ ಮಾರ್ಕ್ ಬ್ರುನೆಲ್, 1998ರಲ್ಲಿ ಮ್ಯಾಟ್ ಹ್ಯಾಸೆಲ್‌ಬೆಕ್, 1999ರಲ್ಲಿ ಆರನ್ ಬ್ರೂಕ್ಸ್. ಒಬ್ಬನಿಗೂ ಗ್ರೀನ್ ಬೇಯಲ್ಲಿ ಪಟ್ಟವಾಗಲಿಲ್ಲ. ಆದರೆ ಬ್ರುನೆಲ್ ಜ್ಯಾಕ್ಸನ್‌ವಿಲ್ ತಂಡಕ್ಕೂ, ಬ್ರೂಕ್ಸ್ ನ್ಯೂ ಆರ್ಲಿಯನ್ಸಿಗೂ, ಹ್ಯಾಸೆಲ್‌ಬೆಕ್ ಸಿಯಾಟಲಿಗೂ ಹೋಗಿ ನಾಯಕರಾದರು. ಬೇರೆಯವರ ತೋಟದಲ್ಲಿ ಫಲ ಬಿಟ್ಟರೂ ಸಸಿ ಮಾರಿದ ಲಾಭ ಗ್ರೀನ್ ಬೇಗೆ ಬಂತು. ಆ ವರ್ಷಗಳಲ್ಲಿ ಅಲ್ಲಿ ಪಾಠ ಹೇಳುತ್ತಿದ್ದವರ ಪೈಕಿ ಆ್ಯಂಡಿ ರೀಡ್ ಎಂಬುವರೊಬ್ಬರಿದ್ದರು. ಓದುಗರು ಈ ಹೆಸರನ್ನು ನೆನಪಿನಲ್ಲಿಡಬೇಕು.

ಈಗ 2005ಕ್ಕೆ ಬರೋಣ. ಆ ವರ್ಷ ಹೆಸರು ಮಾಡಿದ್ದ ಕ್ವಾರ್ಟರ್‌ಬ್ಯಾಕ್ ಹುಡುಗರು ಇಬ್ಬರು: ಯೂಟಾದ ಅಲೆಕ್ಸ್ ಸ್ಮಿತ್, ಕ್ಯಾಲಿಫೋರ್ನಿಯದ ಆರನ್ ರಾಜರ್ಸ್. ಮೊದಲ ಸರದಿ ಸ್ಯಾನ್ ಫ್ರಾನ್ಸಿಸ್ಕೊದ್ದು. ಅದು ಸ್ಮಿತ್‌ನನ್ನು ಆರಿಸಿತು. ರಾಜರ್ಸ್ ನ್ಯೂಯಾರ್ಕಿನ ಸಭಾಭವನದಲ್ಲಿ ಹೊಸ ಸೂಟು ತೊಟ್ಟು, ಕ್ಯಾಮೆರಾಗಳ ಎದುರಿಗೆ, ನಾಲ್ಕು ಗಂಟೆಗೂ ಮಿಕ್ಕಿ ಕುಳಿತ. ಒಂದೊಂದೇ ತಂಡ ಅವನನ್ನು ದಾಟಿಕೊಂಡು ಹೋಯಿತು. 24ನೆಯ ಸರದಿಯಲ್ಲಿ ಗ್ರೀನ್ ಬೇ ಅವನ ಹೆಸರು ಕೂಗಿತು. ವುಲ್ಫ್ ಅವರ ಕೈಕೆಳಗೆ ಪಳಗಿದ್ದ ಟೆಡ್ ಥಾಂಪ್ಸನ್ ಅಲ್ಲಿ ವ್ಯವಸ್ಥಾಪಕರಾದ ಮೇಲೆ ಮಾಡಿದ ಮೊದಲ ಆಯ್ಕೆ ಅದು. ಫಾರ್ವ್ ಇನ್ನೂ ಆಡುತ್ತಿದ್ದ. ಜನಕ್ಕೆ ಇದು ಅಧಿಕಪ್ರಸಂಗವಾಗಿ ಕಂಡಿತು.

ಇಬ್ಬರು ಹುಡುಗರ ಮುಂದಿನ ಕಥೆ ನೋಡಿ. ಸ್ಮಿತ್‌ನನ್ನು ಮೊದಲ ವರ್ಷವೇ ಮೈದಾನಕ್ಕಿಳಿಸಿದರು. ಅಂಕ ತಂದ ಎಸೆತ ಒಂದು, ಎದುರಾಳಿಯ ಪಾಲಾದವು ಹನ್ನೊಂದು. ಮೊದಲ ನಾಲ್ಕು ವರ್ಷಗಳಲ್ಲಿ ವ್ಯೂಹ ರಚಿಸುವ ಗುರುಗಳು ನಾಲ್ಕು ಮಂದಿ ಬದಲಾದರು. ಪ್ರತಿ ವರ್ಷವೂ ಹೊಸ ಪುಸ್ತಕ, ಹೊಸ ಭಾಷೆ. ನಡುವೆ ಭುಜದ ಪೆಟ್ಟು. ಅತ್ತ ರಾಜರ್ಸ್ ಮೂರು ವರ್ಷ ಬೆಂಚಿನ ಮೇಲೆ ಕುಳಿತ. ಕಲಿಸಿಕೊಡುವುದು ತನ್ನ ಕೆಲಸವಲ್ಲವೆಂಬ ನಿಲುವು ಫಾರ್ವ್‌ನದೆಂದು ಪತ್ರಿಕೆಗಳು ಆಗ ಬರೆದವು. ಆದರೆ 2006ರಲ್ಲಿ ಮುಖ್ಯ ಗುರುವಾಗಿ ಬಂದ ಮೈಕ್ ಮೆಕಾರ್ಥಿ ಕ್ವಾರ್ಟರ್‌ಬ್ಯಾಕ್‌ಗಳಿಗೆಂದೇ ಬೇಸಗೆಯ ಪಾಠಶಾಲೆ ನಡೆಸುತ್ತಿದ್ದರು. ಕಾಲೇಜಿನಲ್ಲಿ ಚೆಂಡನ್ನು ಕಿವಿಯ ಬಳಿ ಎತ್ತಿ ಹಿಡಿಯುತ್ತಿದ್ದ ರಾಜರ್ಸ್ ಇಲ್ಲಿ ಅದನ್ನು ಕೆಳಗೆ, ಸಡಿಲವಾಗಿ ಹಿಡಿಯಲು ಕಲಿತ. ಈ ಮೆಕಾರ್ಥಿಯೇ ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಮಿತ್‌ನ ಮೊದಲ ಗುರುವಾಗಿದ್ದವರು ಎಂಬುದು ವಿಧಿಯ ವಿನೋದ.

2008ರಲ್ಲಿ ಫಾರ್ವ್ ಕಣ್ಣೀರಿಟ್ಟು ನಿವೃತ್ತನಾದ. ಬೇಸಗೆಯಲ್ಲಿ ಮನಸ್ಸು ಬದಲಿಸಿ ಮರಳಿ ಬಂದ. ತಂಡ ಅವನನ್ನು ನ್ಯೂಯಾರ್ಕಿನ ಜೆಟ್ಸ್ ತಂಡಕ್ಕೆ ಕಳುಹಿಸಿ ಯುವರಾಜನಿಗೆ ಪಟ್ಟ ಕಟ್ಟಿತು. ಅಭ್ಯಾಸದ ದಿನಗಳಲ್ಲೇ ಸ್ವಂತ ಊರಿನ ಜನ ರಾಜರ್ಸ್‌ನನ್ನು ಕೂಗಿ ಹೀಯಾಳಿಸಿದರು. ಆ ವರ್ಷ ಆರು ಗೆಲುವು, ಹತ್ತು ಸೋಲು. 2011ರ ಫೆಬ್ರವರಿಯಲ್ಲಿ ಅದೇ ರಾಜರ್ಸ್ ಸೂಪರ್ ಬೌಲ್ ತಂದುಕೊಟ್ಟಾಗ ಹೀಯಾಳಿಸಿದವರೆಲ್ಲ ಅದನ್ನು ಮರೆತಿದ್ದರು.

ಇಷ್ಟನ್ನು ಓದಿದವರು, ಹಾಗಾದರೆ ಕಾಯಿಸುವುದೇ ಸರಿ ಎಂದು ತೀರ್ಪು ಕೊಟ್ಟಾರು. ಚರಿತ್ರೆ ಅಷ್ಟು ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ. 1998ರಲ್ಲಿ ಪೇಟನ್ ಮ್ಯಾನಿಂಗ್‌ನನ್ನು ಇಂಡಿಯಾನಾಪೊಲಿಸ್ ಮೊದಲ ದಿನದಿಂದಲೇ ಆಡಿಸಿತು. ಆ ವರ್ಷ ಅವನ 28 ಎಸೆತಗಳು ಎದುರಾಳಿಯ ಕೈಸೇರಿದವು, ತಂಡ ಹದಿಮೂರು ಪಂದ್ಯ ಸೋತಿತು. ಆದರೂ ಮುಂದೆ ಆತ ಆ ಕಾಲದ ಅಗ್ರಗಣ್ಯನಾದ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ತಂಡ ಡೇವಿಡ್ ಕಾರ್‌ನನ್ನು ಹಾಗೆಯೇ ಇಳಿಸಿತು. ಮುಂದೆ ನಿಂತು ಕಾಯುವವರಿಲ್ಲದೆ ಆ ಒಂದೇ ವರ್ಷದಲ್ಲಿ ಆತ 76 ಬಾರಿ ನೆಲಕ್ಕುರುಳಿದ. ಮತ್ತೆ ನೆಟ್ಟಗೆ ಏಳಲೇ ಇಲ್ಲ. ಬೆಂಕಿಯಲ್ಲಿ ಒಬ್ಬ ಪುಟವಾದ, ಒಬ್ಬ ಬೂದಿಯಾದ.

ಬೆಂಚೂ ಕೂಡ ಎಲ್ಲರನ್ನೂ ಕಾಯುವುದಿಲ್ಲ. ರಾಜರ್ಸ್‌ಗೆ ಪಟ್ಟವಾದ 2008ರಲ್ಲೇ ಗ್ರೀನ್ ಬೇ ಎರಡನೆಯ ಸುತ್ತಿನಲ್ಲಿ ಬ್ರಯನ್ ಬ್ರೋಮ್ ಎಂಬುವನನ್ನೂ, ಕೊನೆಯ ಸುತ್ತಿನಲ್ಲಿ ಮ್ಯಾಟ್ ಫ್ಲಿನ್ ಎಂಬುವನನ್ನೂ ಆರಿಸಿತ್ತು. ಅದೇ ಮನೆ, ಅದೇ ಗುರುಗಳು. ದುಬಾರಿಯ ಬ್ರೋಮ್ ಗ್ರೀನ್ ಬೇ ಪರವಾಗಿ ಒಂದು ಅಧಿಕೃತ ಪಂದ್ಯದಲ್ಲೂ ಎಸೆಯದೆ ಹೊರಟುಹೋದ. ಯಾರೂ ಲೆಕ್ಕಕ್ಕಿಡದಿದ್ದ ಫ್ಲಿನ್ 2012ರ ಹೊಸ ವರ್ಷದ ದಿನ, ಸಿಕ್ಕ ಅವಕಾಶದಲ್ಲಿ, ಡೆಟ್ರಾಯಿಟಿನ ಮೇಲೆ 480 ಗಜ ಎಸೆದು ಆರು ಟಚ್‌ಡೌನ್ ತಂದ. ಗೆದ್ದ ಯುವರಾಜರ ಹೆಸರು ಎಲ್ಲರ ಬಾಯಲ್ಲಿ; ಬಾಡಿದ ಸಸಿಗಳನ್ನು ಎಣಿಸುವವರು ಕಡಿಮೆ. ಆರಿಸುವವನ ಕಣ್ಣು ಎಷ್ಟೇ ಚುರುಕಾಗಿದ್ದರೂ ಸಸಿಮಡಿಯಲ್ಲಿ ಯಾವುದು ಚಿಗುರೀತೆಂದು ಮುಂಚೆ ಹೇಳಲಾರ.

ಬೆಲೆಯ ಮಾತು ಬಂದದ್ದು 2020ರಲ್ಲಿ. ಹಿಂದಿನ ವರ್ಷ ಗ್ರೀನ್ ಬೇ ಹದಿಮೂರು ಪಂದ್ಯ ಗೆದ್ದು, ಸೂಪರ್ ಬೌಲಿಗೆ ಒಂದೇ ಮೆಟ್ಟಿಲು ಉಳಿದಿರುವಾಗ ಸೋತಿತ್ತು. ರಾಜರ್ಸ್‌ಗೆ ಮೂವತ್ತಾರು. ಚೆಂಡು ಹಿಡಿಯುವ ಒಬ್ಬ ಒಳ್ಳೆಯ ಆಟಗಾರ ಬಂದರೆ ಸಾಕು, ಆ ಮೆಟ್ಟಿಲನ್ನೂ ಹತ್ತಬಹುದೆಂದು ಊರೆಲ್ಲ ಕಾದಿತ್ತು. ಆದರೆ ತಂಡ ಇನ್ನೊಂದು ಆಯ್ಕೆಯನ್ನೂ ಸೇರಿಸಿ ತೆತ್ತು, 30ನೆಯ ಸರದಿಯಿಂದ 26ಕ್ಕೆ ಏರಿ, ಜಾರ್ಡನ್ ಲವ್ ಎಂಬ ಕ್ವಾರ್ಟರ್‌ಬ್ಯಾಕನನ್ನು ತಂದಿತು. ಚೆಂಡು ಹಿಡಿಯುವವನನ್ನು ಆ ವರ್ಷ ಯಾವ ಸುತ್ತಿನಲ್ಲೂ ಆರಿಸಲಿಲ್ಲ. ಹದಿನೈದು ವರ್ಷಗಳ ಹಿಂದೆ ತಾನು ಯಾರ ಎದುರಿಗೆ ಯುವರಾಜನಾಗಿ ಬಂದಿದ್ದನೋ, ಅವನ ಸ್ಥಾನದಲ್ಲಿ ಈಗ ರಾಜರ್ಸ್ ತಾನೇ ನಿಂತಿದ್ದ.

ಆ ವರ್ಷವೂ, ಮುಂದಿನ ವರ್ಷವೂ ರಾಜರ್ಸ್ ಲೀಗಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದ. ಹುಡುಗನನ್ನು ತಂದ ಕಿಚ್ಚಿನಿಂದಲೇ ಹಾಗೆ ಆಡಿದನೆಂದು ಕೆಲವರು ಹೇಳುತ್ತಾರೆ. ಒಬ್ಬನ ಎದೆಯೊಳಗೆ ಹೊಕ್ಕು ನೋಡಿದವರಾರು? ಕಣ್ಣಿಗೆ ಕಂಡದ್ದು ಇಷ್ಟು: 2021ರ ಜನವರಿಯಲ್ಲಿ ಅದೇ ಮೆಟ್ಟಿಲಿನಲ್ಲಿ ಗ್ರೀನ್ ಬೇ ತನ್ನ ಮೈದಾನದಲ್ಲೇ 31ಕ್ಕೆ 26ರಂತೆ ಟ್ಯಾಂಪಾ ಬೇ ತಂಡಕ್ಕೆ ಸೋತಿತು. ಆ ತಂಡದ ಕ್ವಾರ್ಟರ್‌ಬ್ಯಾಕ್ ನಲವತ್ತಮೂರು ವರ್ಷದ ಟಾಮ್ ಬ್ರೇಡಿ. 2000ದಲ್ಲಿ 199ನೆಯವನಾಗಿ ಆಯ್ಕೆಯಾಗಿ, ಮೊದಲ ವರ್ಷವನ್ನು ಬೆಂಚಿನ ಮೇಲೆ ಕಳೆದವನು. ಅಂತರ ಐದೇ ಅಂಕ. ಹುಡುಗನ ಬದಲು ಬೇರೊಬ್ಬ ಬಂದಿದ್ದರೆ ಆ ಐದು ಅಂಕ ಸಿಕ್ಕುತ್ತಿತ್ತೆ ಎಂಬ ಪ್ರಶ್ನೆ ಗ್ರೀನ್ ಬೇ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ರಾಜರ್ಸ್‌ನ ಜೊತೆ ಮುಂಚಿತವಾಗಿ ಮಾತನಾಡಬೇಕಾಗಿತ್ತೆಂದು ವ್ಯವಸ್ಥಾಪಕ ಬ್ರಯನ್ ಗುಟೆಕುನ್ಸ್ಟ್ ಆಮೇಲೆ ಒಪ್ಪಿಕೊಂಡರು. ಅಷ್ಟರಲ್ಲಿ ಮನಸ್ಸು ಮುರಿದಿತ್ತು. 2023ರಲ್ಲಿ ರಾಜರ್ಸ್ ಕೂಡ ಜೆಟ್ಸ್ ತಂಡಕ್ಕೇ ಹೋದ. ಲವ್ ಮೂರು ವರ್ಷ ಕಾದು ಪಟ್ಟಕ್ಕೆ ಬಂದ. ಮೊದಲ ವರ್ಷವೇ ತಂಡವನ್ನು ಪ್ಲೇಆಫ್‌ಗೆ ಒಯ್ದು, 2024ರ ಜನವರಿಯಲ್ಲಿ ಡಲ್ಲಾಸನ್ನು 48ಕ್ಕೆ 32ರಂತೆ ಅದರ ಊರಿನಲ್ಲೇ ಮಣಿಸಿದ.

ಇದರ ನಡುವೆ ಕಾಲವೂ ಬದಲಾಗಿದೆ. 2011ರ ಸಂಬಳದ ಒಪ್ಪಂದದಿಂದ ಹೊಸಬರಿಗೆ ನಾಲ್ಕು ವರ್ಷದ ಕರಾರು, ಅಳೆದು ಕೊಟ್ಟ ಸಂಬಳ. ಮೊದಲ ಸುತ್ತಿನವರನ್ನು ತಂಡ ಬಯಸಿದರೆ ಐದನೆಯ ವರ್ಷಕ್ಕೂ ಉಳಿಸಿಕೊಳ್ಳಬಹುದು. ಹುಡುಗ ಅಗ್ಗವಾಗಿರುವ ಆ ವರ್ಷಗಳಲ್ಲೇ ಅವನನ್ನು ಆಡಿಸಿ, ಉಳಿದ ಹಣದಲ್ಲಿ ಸುತ್ತಲೂ ಬಲವಾದ ಆಳುಗಳನ್ನು ಕಟ್ಟಬೇಕೆಂಬುದು ಇಂದಿನ ಲೆಕ್ಕ. ಬೆಂಚಿನ ಮೇಲೆ ಕಳೆದ ಪ್ರತಿಯೊಂದು ವರ್ಷವೂ ನಷ್ಟದ ಬಾಬ್ತು. ಕರಣಿಕನ ಪುಸ್ತಕ ಕಾಯುವಿಕೆಗೆ ವಿರುದ್ಧವಾಗಿದೆ.

ಆದರೂ ತಂಡವೊಂದು ಹುಡುಗನನ್ನು ತಂದು ಬೆಳೆಸಬೇಕೆ ಎಂದು ಕೇಳಿದರೆ, ಬೆಳೆಸಬೇಕು ಎಂದೇ ನನ್ನ ಉತ್ತರ. ಅದೂ ಮನೆ ಗಟ್ಟಿಯಾಗಿರುವಾಗಲೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವರು ಕಾರ್‌ನಂಥ ಹುಡುಗರನ್ನು ಬಲಿಕೊಡುತ್ತಾರೆ. ಆದರೆ ಕಾಯುವುದೇ ಕಲಿಯುವುದಾಗದು. ಎದುರಿಗೆ ಆಡಿ ತೋರಿಸುವ ಹಿರಿಯನಿರಬೇಕು, ವರ್ಷ ವರ್ಷವೂ ಬದಲಾಗದ ಗುರುವಿರಬೇಕು. ಆ ಹಿರಿಯನಿಗೆ ಎದುರು ಕುಳಿತು ನಿಜ ಹೇಳುವ ಧೈರ್ಯ ಯಜಮಾನರಿಗಿರಬೇಕು. 2020ರಲ್ಲಿ ಗ್ರೀನ್ ಬೇ ಎಡವಿದ್ದು ಹುಡುಗನ ಆಯ್ಕೆಯಲ್ಲಿ ಅಲ್ಲವೆಂದು ತೋರುತ್ತದೆ. ಈ ಕೊನೆಯ ಮಾತಿನಲ್ಲಿ.

ಕೊನೆಗೆ ಅಲೆಕ್ಸ್ ಸ್ಮಿತ್‌ನ ಕಥೆಯೊಂದು ಉಳಿಯಿತು. ಬಹುಕಾಲ ಬೆಂದು ಬಸವಳಿದ ಮೇಲೆ 2011ರಲ್ಲಿ ಆತ ಸ್ಯಾನ್ ಫ್ರಾನ್ಸಿಸ್ಕೊಗೆ ಹದಿಮೂರು ಗೆಲುವು ತಂದ. ಮರುವರ್ಷ ತಲೆಗೆ ಪೆಟ್ಟು ಬಿದ್ದು ಕೂತಾಗ, ಬೆಳೆಸಲೆಂದು ತಂದಿದ್ದ ಕಾಲಿನ್ ಕೆಪರ್ನಿಕ್ ಅವನ ಜಾಗಕ್ಕೆ ಬಂದ. ಮರಳಿ ಆ ಜಾಗ ಸಿಕ್ಕಲಿಲ್ಲ. 2013ರಲ್ಲಿ ಸ್ಮಿತ್ ಕ್ಯಾನ್ಸಸ್ ಸಿಟಿಗೆ ಹೋದ. ಅಲ್ಲಿ ಗುರು ಯಾರು? ಹಿಂದೆ ಗ್ರೀನ್ ಬೇಯಲ್ಲಿ ಪಾಠ ಹೇಳಿದ್ದ ಅದೇ ಆ್ಯಂಡಿ ರೀಡ್. ತಂಡ ಗೆಲ್ಲುತ್ತಿತ್ತು. ಆದರೂ 2017ರಲ್ಲಿ ರೀಡ್ ಅವರ ತಂಡ 27ನೆಯ ಸರದಿಯಿಂದ ಹತ್ತಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್ ಎಂಬ ಹುಡುಗನನ್ನು ತಂದಿತು.

ಎರಡನೆಯ ಸಲ ತನ್ನ ಬೆನ್ನ ಹಿಂದೆ ಯುವರಾಜನನ್ನು ಕಂಡ ಸ್ಮಿತ್ ಮುಖ ತಿರುಗಿಸಬಹುದಾಗಿತ್ತು. ಆತ ಹುಡುಗನಿಗೆ ತನ್ನ ದಿನಚರಿಯನ್ನೇ ತೆರೆದು ತೋರಿಸಿದ: ವಾರದಲ್ಲಿ ಯಾವ ದಿನ ಏನು ಓದಬೇಕು, ಎದುರಾಳಿಯನ್ನು ಹೇಗೆ ಅಳೆಯಬೇಕು. ಆ ವರ್ಷ ಸ್ಮಿತ್ ತನ್ನ ಜೀವಮಾನದಲ್ಲೇ ಚೆನ್ನಾಗಿ ಆಡಿದ. ಹುಡುಗ ಒಂದೇ ಪಂದ್ಯ ಆಡಿದ. 2018ರಲ್ಲಿ ಸ್ಮಿತ್‌ನನ್ನು ವಾಷಿಂಗ್ಟನ್ನಿಗೆ ಕಳುಹಿಸಿ ಮಹೋಮ್ಸ್‌ಗೆ ಪಟ್ಟ ಕಟ್ಟಿದರು. ಮೊದಲ ವರ್ಷವೇ ಐವತ್ತು ಟಚ್‌ಡೌನ್; ಮುಂದೆ 2020, 2023, 2024ರ ಫೆಬ್ರವರಿಗಳಲ್ಲಿ ಮೂರು ಸೂಪರ್ ಬೌಲ್. ಆ ಒಂದು ವರ್ಷದ ಕಲಿಕೆಯಲ್ಲಿ ಸ್ಮಿತ್‌ನ ಪಾಲು ದೊಡ್ಡದೆಂದು ಮಹೋಮ್ಸ್ ಹಲವು ಸಲ ಬಹಿರಂಗವಾಗಿ ಹೇಳಿದ್ದಾನೆ.

2005ರಲ್ಲಿ ಇಪ್ಪತ್ತೊಂದರ ಸ್ಮಿತ್‌ಗೆ ಯಾರೂ ಕೊಡದಿದ್ದ ಆ ಒಂದು ವರ್ಷವನ್ನು ಮೂವತ್ತಮೂರರ ಸ್ಮಿತ್ ಇನ್ನೊಬ್ಬನಿಗೆ ಕೊಟ್ಟು ಹೋದ. ಡ್ರಾಫ್ಟಿನ ದಾಖಲೆಗಳಲ್ಲಿ ಸರದಿಯ ಸಂಖ್ಯೆ ಇದೆ, ತೂಕ ಎತ್ತರಗಳಿವೆ, ಓಟದ ವೇಗವಿದೆ. ಇದನ್ನು ಬರೆದುಕೊಳ್ಳಲು ಒಂದು ಅಂಕಣವಿಲ್ಲ.